ಇತರೆ

ಇಪ್ಪತ್ತೆರಡು ವರ್ಷ ಹ್ಯಾಡಕ್ ಮೀನು ಸೀಳಿದ ಕೈ ಇದು.
ಗ್ರಿಮ್ಸ್‌ಬಿ ಬಂದರಿನಲ್ಲಿ, ಐಸು ಹರಡಿದ ಮೇಜಿನ ಮುಂದೆ,
ಕತ್ತಿ ಎಲ್ಲಿ ಇಳಿಯಬೇಕು, ಮುಳ್ಳು ಎಲ್ಲಿ ತಿರುಗುತ್ತದೆ
ಕಣ್ಣು ಮುಚ್ಚಿಯೂ ಬಲ್ಲದು.
ಅದಕ್ಕೀಗ ಮೌಸ್ ಕೊಟ್ಟರೆ
ಬಾಣದ ಗುರುತು ಜಾರಿ ಜಾರಿ ಓಡುತ್ತದೆ
ಹಾವುಮೀನಿನ ಹಾಗೆ.

ಕಾರ್ಖಾನೆ ಮುಚ್ಚಿತು. ಆ ಕತೆ ಬೇಡ.
ಆಸ್ಪತ್ರೆಯ ನೆಲಮಾಳಿಗೆ, ಹೆಲ್ಪ್ ಡೆಸ್ಕ್,
ಕೊರಳಲ್ಲಿ ನನ್ನ ಫೋಟೊ, ಅದರ ಕೆಳಗೆ
'ಅಪ್ರೆಂಟಿಸ್', ನಲವತ್ತಮೂರರ ಹೆಂಗಸಿಗೆ!
ಮಗಳು ನೋಡಿ ಹೊಟ್ಟೆ ಹಿಡಿದು ನಕ್ಕಳು.
ಬೆಳಿಗ್ಗೆ ಡಬ್ಬಿ ತೆರೆದರೆ
ಸಿಪ್ಪೆ ತೆಗೆದು ಹೆಚ್ಚಿಟ್ಟ ಸೇಬು.

ಯಾರೆಕ್ ನನ್ನ ಗುರು. ವಯಸ್ಸು ಇಪ್ಪತ್ತನಾಲ್ಕು.
"ಮೊದಲು ಕೇಳಿಸಿಕೊಳ್ಳಿ, ರಾಸ್ಲಿನ್. ಆಮೇಲೆ
ಆಫ್ ಮಾಡಿ ಆನ್ ಮಾಡಲು ಹೇಳಿ.
'ಮಾಡಿದೆ' ಅಂತ ಎಲ್ಲರೂ ಸುಳ್ಳು ಹೇಳುತ್ತಾರೆ.
ಸುಳ್ಳು ಅನ್ನಬೇಡಿ.
'ನನಗೋಸ್ಕರ ಇನ್ನೊಂದು ಸಲ' ಅನ್ನಿ."

ನಾಲ್ಕು ತಿಂಗಳಲ್ಲಿ ಕಲಿತದ್ದು ಇಷ್ಟು:
ಪಾಸ್‌ವರ್ಡ್ ಮರೆತವರು ಮೊದಲು ಬೈಯುತ್ತಾರೆ,
ಕೊನೆಗೆ ತಾವಾಗಿಯೇ ನಾಯಿಯ ಹೆಸರು ಹೇಳಿಬಿಡುತ್ತಾರೆ.
ಮೂಳೆ ವಿಭಾಗದ ದೊಡ್ಡ ಡಾಕ್ಟರಿಗೆ
ಕ್ಯಾಪ್ಸ್ ಲಾಕ್ ಎಂದರೇನೆಂದು ತಿಳಿಯದು.
(ಹೊರಗೆ ಹೇಳುವಂತಿಲ್ಲ, ಸಹಿ ಹಾಕಿದ್ದೇನೆ.)

ಜನವರಿ, ರಾತ್ರಿ ಪಾಳಿ. ಯಾರೆಕ್ ಚಹಾಕ್ಕೆ ಹೋಗಿದ್ದ.
"ಶವಾಗಾರದಿಂದ. ಹೆಸರಿನ ಚೀಟಿ ಅಚ್ಚಾಗ್ತಿಲ್ಲ."
ವಿಲ್ಫ್ ಅಂತೆ. ಎಳೆಯ ದನಿ, ಅವನೂ ಹೊಸಬ.
"ಒಬ್ಬರು ಕಾಯ್ತಿದ್ದಾರೆ," ಎಂದವನು
ತನ್ನ ಮಾತು ತನಗೇ ಕೇಳಿಸಿ ಸುಮ್ಮನಾದ.

ಪ್ರಿಂಟರ್ ಜೀವಂತ, ತಂತಿ ಸರಿ,
ನನ್ನ ಪರದೆಯಲ್ಲಿ ಎಲ್ಲವೂ ಹಸಿರು.
ಆಫ್ ಆಯಿತು, ಆನ್ ಆಯಿತು, ನನಗೋಸ್ಕರ ಇನ್ನೊಂದು ಸಲವೂ ಆಯಿತು.
ತೋಚದೆ ಕೇಳಿದೆ: ಅಲ್ಲಿ ಬಹಳ ಚಳಿಯೇನಪ್ಪಾ?
ಬಹಳ.
ಚೀಟಿಯ ಸುರುಳಿ ಎಲ್ಲಿಟ್ಟಿದ್ದೆ?
ತಣ್ಣನೆಯ ಕೋಣೆಯ ಬಾಗಿಲ ಬಳಿ.

ಅಯ್ಯೋ, ನಮ್ಮ ಮೀನಿನ ಪೆಟ್ಟಿಗೆಯ ಚೀಟಿಗಳೂ ಹೀಗೇ
ಥಂಡಿಗೆ ಸೆಟೆದು, ಅಂಟು ಬಿರುಸಾಗಿ,
ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು.
"ಕಂಕುಳಲ್ಲಿ ಇಟ್ಟುಕೋ, ಮಗು.
ಐದು ನಿಮಿಷ. ನಾನು ಫೋನ್ ಇಡೋದಿಲ್ಲ."

ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ.
ಅವನ ಉಸಿರು. ಎಲ್ಲೋ ಒಂದು ಫ್ಯಾನು.
ಆಮೇಲೆ ಕರ್ರ್ ಎಂದು ಚೀಟಿ ಹೊರಬಂತು.
ಅದರ ಮೇಲಿನ ಹೆಸರನ್ನು ನಿಧಾನ ಓದಿ ಹೇಳಿದ,
ಸರಿಯಿದೆಯೇ ಎಂದು ನನ್ನನ್ನೇ ಕೇಳುವಂತೆ.
ನನಗೆ ಪರಿಚಯವಿಲ್ಲದ ಹೆಸರು.
ಸರಿಯಿದೆ ಎಂದೆ.

ಟಿಕೆಟ್ ಮುಚ್ಚಬೇಕು.
ಕಾರಣ: ಚಳಿ ಎಂದು ಬರೆದೆ.
ಪರಿಹಾರಕ್ಕೆ ಹದಿನಾಲ್ಕು ಆಯ್ಕೆಗಳ ಪಟ್ಟಿ,
ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ,
ಕಂಕುಳು ಇರಲಿಲ್ಲ.
'ಇತರೆ' ಒತ್ತಿದೆ.
ಬಾಣ ಜಾರಲಿಲ್ಲ.