ತಣಿಯುವ ಮನೆ

ಪತ್ರ ಬಂದದ್ದು ನವೆಂಬರಿನ ಒಂದು ಮಂಗಳವಾರ.
ಗ್ಯಾಸಿನ ದರ ನಾಲ್ಕು ಪಟ್ಟು. ಕೆಳಗೆ ಯಾರದೋ ಸಹಿ,
ಸಹಿಯ ಮೇಲೆ 'ತಮ್ಮ ವಿಶ್ವಾಸಿ'.
ಲೆಕ್ಕದ ರಾದಾನಾ ಅದನ್ನು ನನ್ನ ಮೇಜಿನ ಮೇಲಿಟ್ಟು
ಕಿಟಕಿಯತ್ತ ತಿರುಗಿ ನಿಂತಳು.
ನೋಡುವಂಥದ್ದೇನೂ ಇರಲಿಲ್ಲ ಅಲ್ಲಿ,
ಬೊಹೀಮಿಯಾದ ಗುಡ್ಡ, ಗುಡ್ಡದ ಮೇಲೆ ಮಂಜು,
ಮಂಜಿನ ಮೇಲೆ ಮಂಜು.

ನಮ್ಮ ಕುಲುಮೆ ಹೊತ್ತಿ ಹನ್ನೊಂದು ವರ್ಷ.
ಅಂದಿನಿಂದ ಆರಿಲ್ಲ.
ಭಾನುವಾರವಿಲ್ಲ, ಕ್ರಿಸ್‌ಮಸ್ ಇಲ್ಲ,
ಹಿಂದಿನ ನಿರ್ದೇಶಕರನ್ನು ಮಣ್ಣು ಮಾಡಿದ ದಿನವೂ
ಒಬ್ಬ ಅದರ ಮುಂದೆ ಕೂತಿದ್ದ.
ಆರಿಸಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ,
ಉರಿಸಿದರೆ ನಾವು.
ನನ್ನ ಮುಂದಿದ್ದದ್ದು ಇಷ್ಟೇ.
ಉಳಿದದ್ದೆಲ್ಲ ಸಲಹೆಗಾರರು ಸೇರಿಸಿದ್ದು.

ಪ್ರಾಗ್‌ನಿಂದ ಇಬ್ಬರು ಬಂದರು.
ಗೋಡೆಯ ಮೇಲೆ ಬೆಳಕು ಬಿಟ್ಟು
ಒಂದು ಬಾಣ ತೋರಿಸಿದರು,
ಬಾಣದ ತುದಿಗೆ 'ನಾಳೆ' ಎಂದು ಬರೆದಿತ್ತು.
ಎಷ್ಟು ನೇರ ಆ ಬಾಣ!
ಹಿಂದಿನ ಸಾಲಲ್ಲಿ ವೊಯ್ಮಿರ್,
ನಲವತ್ತು ವರ್ಷ ಕೊಳವೆ ಊದಿ ಕೆನ್ನೆ ಜೋತವನು,
ಪಕ್ಕದವನಿಗೆ ಪಿಸುಗುಟ್ಟಿದ:
"ಬಿಲ್ಲು ಯಾರ ಕೈಲಿದೆ, ಕೇಳು."

ಎಂಬತ್ತಮೂರು ಜನ. ಊಟದ ಕೋಣೆ. ಕೋಸಿನ ಸೂಪಿನ ವಾಸನೆ.
ರಾತ್ರಿಯಿಡೀ ಕನ್ನಡಿಗೆ ಒಪ್ಪಿಸಿದ್ದ ಭಾಷಣ
ಗಂಟಲವರೆಗೆ ಬಂದು, ಯಾಕೋ, ಹಿಂದಿರುಗಿತು.
"ನನಗೆ ಗೊತ್ತಿಲ್ಲ," ಎಂದೆ.
ಚಮಚಗಳ ಸದ್ದು ನಿಂತಿತು.
"ಫೆಬ್ರವರಿಯವರೆಗೆ ದುಡ್ಡಿದೆ. ಅಷ್ಟು ಗೊತ್ತು.
ಮುಂದಿನದು ಗೊತ್ತಾದ ದಿನವೇ ಹೇಳುತ್ತೇನೆ,
ಒಳ್ಳೆಯದೋ ಕೆಟ್ಟದ್ದೋ, ಇಲ್ಲೇ ನಿಂತು."
ಧೈರ್ಯವೆಂದರು ಆಮೇಲೆ ಕೆಲವರು.
ನನ್ನಲ್ಲಿ ಬೇರೆ ಮಾತು ಉಳಿದಿರಲಿಲ್ಲ, ಅಷ್ಟೆ.

ಮರುದಿನ ಆರು ಜನ ಬಿಟ್ಟುಹೋದರು.
ಅವರಲ್ಲಿ ಶ್ಟೀಪಾನ್, ನಾನೇ ಸೇರಿಸಿಕೊಂಡಿದ್ದ ಹುಡುಗ,
ಗೇಟಿನ ಬಳಿ ಅಂದ:
"ಸುಳ್ಳು ಹೇಳಿದ್ದರೆ ಇರುತ್ತಿದ್ದೆ, ಮೇಡಂ."
ಅಂಗಾಲಲ್ಲಿ ಹೊಕ್ಕ ಗಾಜಿನ ಚೂರು ಆ ಮಾತು;
ಕಾಣುವುದಿಲ್ಲ, ನಡೆದಾಗ ತಿಳಿಯುತ್ತದೆ.

ಒಂದು ರಾತ್ರಿ ವೊಯ್ಮಿರ್ ನನ್ನನ್ನು ಕರೆದೊಯ್ದು
ತಣಿಯುವ ಮನೆಯ ಮುಂದೆ ನಿಲ್ಲಿಸಿದ.
ಊದಿದ ಗಾಜು ಆತುರವಿಲ್ಲದೆ ತಣ್ಣಗಾಗುವ
ಉದ್ದನೆಯ ಗೂಡು ಅದು.
"ಹೊರಗಿಟ್ಟರೂ ತಣಿಯುತ್ತದೆ," ಅಂದ, "ಬೇಗ ತಣಿಯುತ್ತದೆ.
ನೋಡಲು ಚೆಂದ. ಮಾರಿಯೂ ಹೋಗುತ್ತದೆ.
ಆಮೇಲೆ ಯಾರದೋ ಮನೆಯ ಕಪಾಟಿನಲ್ಲಿ,
ಯಾರೂ ಮುಟ್ಟದೆ, ಮೂರನೇ ವಾರ,
ಟಪ್ ಎಂದು ಎರಡಾಗುತ್ತದೆ.
ಹೊರಮೈ ಮೊದಲು ಗಟ್ಟಿಯಾಗಿ
ಒಳಮೈ ಕಾದೇ ಉಳಿದರೆ ಹಾಗೆ."
ಅವನು ಲೋಟದ ಮಾತಾಡಿದನೋ ನನ್ನ ಮಾತೋ,
ಕೇಳಲಿಲ್ಲ ನಾನು.

ಜನವರಿಯಲ್ಲಿ ಕುಲುಮೆಯನ್ನು ತಣಿಸಿದೆವು.
ಹತ್ತೊಂಬತ್ತು ದಿನ. ಗಂಟೆಗೆ ಇಷ್ಟೇ ಡಿಗ್ರಿಯೆಂದು
ಪಾಳಿ ಹಚ್ಚಿ, ಮಗುವಿನ ಜ್ವರ ನೋಡುವವರಂತೆ
ಪುಸ್ತಕದಲ್ಲಿ ಬರೆದಿಟ್ಟೆವು.
ಕೊನೆಯ ರಾತ್ರಿ, ಹನ್ನೊಂದು ವರ್ಷ
ಯಾರ ಕಿವಿಗೂ ಬೀಳದಿದ್ದ ಸದ್ದೊಂದು ನಿಂತಿತು.
ನಿಂತ ಮೇಲೆ ಕೇಳಿಸಿತು.
ಊರಿನ ನಾಯಿಗಳೆಲ್ಲ ಬೊಗಳಿದವು.

ಇಟ್ಟಿಗೆ ಬಿರಿಯಿತೇ? ಬಿರಿಯಿತು, ಎರಡು ಕಡೆ.
ನಿಧಾನವೆಂಬುದು ಮಂತ್ರವಲ್ಲ.
ಕುಲುಮೆ ತಣಿಯಿತು, ನಾನು ತಣಿದಿಲ್ಲ.

ಈಗ ಮೂಲೆಯಲ್ಲೊಂದು ಪುಟ್ಟ ಕರೆಂಟಿನ ಕುಲುಮೆ.
ಮೂವತ್ತೊಂದು ಜನ.
ಉಳಿದವರ ಹೆಸರಿನ ಹಾಳೆ ನನ್ನ ಮೇಜಿನ ಗಾಜಿನಡಿ:
ಯಾರಿಗೆ ಎಲ್ಲಿ ಕೆಲಸ ಸಿಕ್ಕಿತು,
ಯಾರಿಗೆ ಇನ್ನೂ ಇಲ್ಲ.
ಮೊದಲ ಲೋಟ ಮೈಯೆಲ್ಲ ಗುಳ್ಳೆ, ಬಣ್ಣ ಬೂದಿನೀರು.
ವೊಯ್ಮಿರ್ ದೀಪಕ್ಕೆ ಹಿಡಿದು, "ಉಸಿರಿದೆ," ಅಂದ.
ಒಡೆಯಲು ಬಿಡಲಿಲ್ಲ. ನನ್ನ ಪೆನ್ಸಿಲುಗಳೀಗ ಅದರಲ್ಲಿ.

ಇವತ್ತು ಮತ್ತೊಂದು ಪತ್ರ ಬಂದಿದೆ.
ರಾದಾನಾ ಕಿಟಕಿಯತ್ತ ತಿರುಗಲಿಲ್ಲ ಈ ಸಲ.
ಕುರ್ಚಿ ಎಳೆದುಕೊಂಡು ಎದುರು ಕೂತಳು,
"ಒಡೆಯಿರಿ," ಅಂದಳು.