ಕೊನೇ ಡಬ್ಬಿ

ಕುಂಸಿ ದಾಟಿ ಎರಡು ಮೈಲಿ, ರೈಲ್ವೆ ಗೇಟು.
ಫೆಬ್ರವರಿ. ಲಂಟಾನದ ಮೇಲೆಲ್ಲ ಕೆಂಧೂಳು.
ಕ್ಲ್ಯಾಪ್ ಹಿಡಿಯುವುದು ನನ್ನ ಕೆಲಸ,
ಜೊತೆಗೊಂದು ನೋಟ್‌ಬುಕ್ಕು:
ಯಾವ ಶಾಟಿನಲ್ಲಿ ಎಷ್ಟು ಗುಂಡಿ ಹಾಕಿತ್ತು,
ಲೋಟದಲ್ಲಿ ಚಹಾ ಎಲ್ಲಿವರೆಗಿತ್ತು,
ಬೀಡಿ ಎಷ್ಟು ಉರಿದಿತ್ತು.
ಒಬ್ಬ ಮನುಷ್ಯ ಒಬ್ಬನೇ ಅಂತ ಕಾಣಬೇಕಾದರೆ
ಇಷ್ಟೆಲ್ಲ ಲೆಕ್ಕ ಇಡಬೇಕು.

ಕಥೆಯಲ್ಲೊಬ್ಬ ಗೇಟ್‌ಮನ್. ಮಾತು ಕಮ್ಮಿ.
ಇಪ್ಪತ್ತೆರಡು ವರ್ಷ ಗೇಟು ಹಾಕಿದವನು,
ಒಂದು ರಾತ್ರಿ ಮರೆತವನು.
‘ಅವನು ಎಂಥವನು ಅಂತ ಯಾರ ಬಾಯಲ್ಲೂ ಬರಬಾರದು’
ಅಹಲ್ಯಾ ಮೇಡಂ ಮೊದಲ ದಿನವೇ ಹೇಳಿದ್ದರು,
‘ಕ್ಯಾಮೆರಾ ಹೇಳಲಿ.’

ಎಡ್ವಿನ್ ಜಲ್ಲಿಯ ಮೇಲೆ ಟವೆಲ್ ಹಾಸಿ ಮಲಗಿದ.
ಅಲ್ಲಿಂದ ಚಿದಂಬರ ಸಿಗ್ನಲ್ ಕಂಬಕ್ಕಿಂತ ಎತ್ತರ.
ಆಮೇಲೆ ಏಣಿ ಹತ್ತಿ ಮೇಲಿಂದ ತೆಗೆದ:
ಯಾರದೋ ಜೇಬಿನಿಂದ ಬಿದ್ದ ನಾಣ್ಯ.
ತಪ್ಪಿಗೆ ಮುಂಚೆ ಅದು, ತಪ್ಪಿನ ನಂತರ ಇದು.
ನಡುವೆ ಇದ್ದದ್ದು
ದಿನಕ್ಕೆ ನೂರೈವತ್ತು ಬಾಡಿಗೆಯ ಏಣಿ.

ಕ್ಲೋಸಪ್ಪಿಗೆ ಕೈ ಬೇಕು, ಗೇಟಿನ ಚಕ್ರ ತಿರುಗಿಸುವ ಕೈ.
ಚಿದಂಬರ ನಾಟಕದವನು, ಶಿವಮೊಗ್ಗದಲ್ಲಿ ವಿಮೆ ಆಫೀಸು,
ಅವನ ಬೆರಳಿಗೆ ಇಪ್ಪತ್ತೆರಡು ವರ್ಷ ಆಗಿರಲಿಲ್ಲ.
ಗೂಡಿನ ಬಾಗಿಲಲ್ಲಿ ನಿಜವಾದ ಗೇಟ್‌ಮನ್ ಹುಚ್ಚರಾಯಪ್ಪ,
ಕಂಡವರ ದನ ಗದ್ದೆಗಿಳಿಯದ ಹಾಗೆ
ನಮ್ಮನ್ನು ಕಾಯುತ್ತ ನಿಂತಿದ್ದರು.
ಅವರ ಕೈ ತೆಗೆದುಕೊಂಡೆವು.
ತೋಳು ಚಿದಂಬರನ ಅಂಗಿಯದು, ಬೆರಳು ಅವರದು.
ಬರೆದುಕೊಂಡೆ: ಶಾಟ್ ಹದಿನಾಲ್ಕು. ಹೆಬ್ಬೆರಳ ಉಗುರು ಕಪ್ಪು.
ಅಲ್ಲಿಂದ ಮೂರು ದಿನ
ಚಿದಂಬರನ ಉಗುರಿಗೆ ನಾನೇ ಮಸಿ ಹಚ್ಚಿದೆ.

ತಾಳಗುಪ್ಪ ಪ್ಯಾಸೆಂಜರ್, ಒಂದೇ ಟೇಕು.
ಮೊದಲು ಸದ್ದು, ಖಾಲಿ ಮುಖದ ಮೇಲೆ.
ಆಮೇಲೆ ಎಂಜಿನ್. ಚಿದಂಬರ ಅದನ್ನೇ ನೋಡಿದ,
ಕಣ್ಣಲ್ಲಿ ನೀರು ತಂದುಕೊಂಡ, ಗಂಟಲ ಗಂಟು ಆಡಿಸಿದ.
‘ಓಕೆ’ ಅಂದರು ಮೇಡಂ. ನಾವು ಚಪ್ಪಾಳೆ ತಟ್ಟಿದೆವು.

ಹುಚ್ಚರಾಯಪ್ಪ ಕೆಮ್ಮಿದರು.
‘ಅಲ್ಲ ಮೇಡಂ. ಎಂಜಿನ್ ನೋಡೋರು
ಗೇಟಿನಾಚೆ ನಿಂತ ಬೈಕಿನೋರು.
ನಾವು ಕೊನೇ ಡಬ್ಬಿ ನೋಡೋರು.
ಅದರ ಬೆನ್ನಿಗೆ ದೀಪ ಇದೆಯಾ ಇಲ್ವಾ ಅಂತ.
ಇಲ್ಲ ಅಂದ್ರೆ ಅರ್ಧ ರೈಲು
ಹಿಂದೆಲ್ಲೋ ಕಾಡಲ್ಲಿ ಉಳಿದುಬಿಟ್ಟಿದೆ ಅಂತ.’

ಎಡ್ವಿನ್ ಲೆನ್ಸಿಗೆ ಮುಚ್ಚಳ ಹಾಕಿದ.
ಮುಂದಿನ ಗಾಡಿ ಕತ್ತಲಾದ ಮೇಲೆ.
ಊಟ ತಂದ ಜಲಜಕ್ಕ ರೇಗಿದಳು,
‘ಪಾತ್ರ ಆಮೇಲೆ ಮಾಡಿ, ಪಾತ್ರೆ ಖಾಲಿ ಮಾಡಿ!’
ಕೈ ತೊಳೆಯಲು ಸೇತುವೆ ಕೆಳಗಿಳಿದೆ. ಹಳ್ಳ ಬತ್ತಿತ್ತು.
ಅದರ ಪಾತ್ರವೂ ಕಾಣುತ್ತಿತ್ತು,
ನೀರಿದ್ದಷ್ಟು ದಿನ ಯಾರಿಗೂ ಕಾಣದೆ ಇದ್ದದ್ದು:
ಒಂಟಿ ಚಪ್ಪಲಿ, ಸೈಕಲ್ಲಿನ ರಿಮ್ಮು,
ಬುಡ ಸವೆದು ನಿಂತ ಒಂದು ಬಂಡೆ.

ರಾತ್ರಿ ಗಾಡಿ ಬಂತು. ಚಿದಂಬರ ಏನೂ ಮಾಡಲಿಲ್ಲ.
ಕಿಟಕಿಗಳ ಬೆಳಕು ಮುಖದ ಮೇಲೆ ಒಂದೊಂದೇ ಹಾದುಹೋಯಿತು,
ಬೆಳಕು, ಕತ್ತಲು, ಬೆಳಕು, ಯಾರೋ ಮಗು ಟಾಟಾ ಮಾಡಿತು,
ಕತ್ತಲು. ಆಗ ತಿರುಗಿತು ಕತ್ತು,
ಮೆಲ್ಲಗೆ, ಹಳೇ ಬಾಗಿಲಿನ ಹಾಗೆ.
ಕಣ್ಣ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು.
ಅದು ಆರುವವರೆಗೂ ನೋಡಿದ.
ಕಟ್ ಹೇಳಲು ಮೇಡಮ್ಮಿಗೆ ನೆನಪಾಗಲಿಲ್ಲ.

ಆಚೆ ನಿಂತ ಟೆಂಪೋದವನು ಹಾರನ್ ಒತ್ತಿಯೇ ಒತ್ತಿದ.
ಚಿದಂಬರ ಅಲ್ಲಾಡಲಿಲ್ಲ.
ಓಡಿ ಬಂದು ಚಕ್ರ ತಿರುಗಿಸಿದ್ದು ಹುಚ್ಚರಾಯಪ್ಪ,
ಫ್ರೇಮಿನ ಎಡಮೂಲೆಯಲ್ಲಿ ಬಗ್ಗಿದ ಬೆನ್ನು, ಎರಡು ಸೆಕೆಂಡು.
ಎಡಿಟಿಂಗಿನಲ್ಲಿ ಕತ್ತರಿಸಬಹುದಿತ್ತು.

ಶಿವಮೊಗ್ಗದಲ್ಲಿ ತೋರಿಸಿದ ದಿನ ಅವರು ಬರಲಿಲ್ಲ, ಡ್ಯೂಟಿ.
ಫೋನ್ ಮಾಡಿದೆ. ಬೆನ್ನಿನ ವಿಷಯ ಹೇಳಬೇಕೆಂದಿದ್ದೆ.
‘ಕೊನೇ ದೀಪ ಕಾಣುತ್ತಾ?’ ಅಂದರು.
ಕಾಣುತ್ತೆ, ಅಂದೆ.
‘ಹಂಗಾದ್ರೆ ಸರಿ. ಸ್ಟೇಷನ್ನಿಂದ ನಂಬರ್ ಬರ್ತಿದೆ,
ಇಡ್ತೀನಿ.’