ನಡಾವಳಿ

ಸಂಜೆ ಆರಕ್ಕೆ ಸಭೆ. ಐದೂವರೆಗೇ ಬಂದು
ನೀರಿನ ಜಗ್ಗು, ಹೆಸರಿನ ಫಲಕ, ಮೈಕಿನ ಕೆಂಪು ದೀಪ
ಸರಿಯಿದೆಯೇ ನೋಡುವವಳು ನಾನು.
ಹೊರಗೆ ಉತ್ತರ ಸಮುದ್ರದ ಗಾಳಿ
ಪುರಭವನದ ಗಾಜಿಗೆ ಉಪ್ಪು ಬಳಿಯುತ್ತಿರುತ್ತದೆ.
ಹನ್ನೊಂದು ವರ್ಷದಿಂದ ಈ ಮೂಲೆಯ ಮೇಜು ನನ್ನದು.
ಆಡಿದ್ದೆಲ್ಲ ಬರೆಯಬೇಡ, ನಡೆದದ್ದು ಬರಿ
ಅಂದಿದ್ದರು ಮೊದಲ ದಿನ.

ಐದನೆಯ ವಿಷಯ: ವಯಸ್ಕರ ಆರೈಕೆ ಸೇವೆ, ಸುಧಾರಣೆಯ ಪ್ರಗತಿ.
ಪರದೆಯ ಮೇಲೆ ಕಳೆದ ವರ್ಷ ಕೆಂಪಿದ್ದ ಚೌಕಗಳು
ಈಗ ಹಳದಿ, ಹಳದಿಯಿದ್ದವು ಹಸಿರು.
ನಿರ್ದೇಶಕ ಲೂಷಿಯನ್ ಹಾರ್ಗ್ರೀವ್ಸ್ ಕೆಟ್ಟವನಲ್ಲ,
ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಪುಟ್ಟ ರಿಮೋಟು.
ನನಗೋ ಹಣ್ಣು ತಿರುಗಿ ಕಾಯಾಗುವುದನ್ನು
ನೋಡುತ್ತ ಕೂತಂತೆ.

"ಕಾಯುವವರ ಪಟ್ಟಿ ಇನ್ನೂರ ಹನ್ನೆರಡರಿಂದ
ತೊಂಬತ್ತಕ್ಕೆ ಇಳಿದಿದೆ."
ಯಾರೋ ಮೇಜು ತಟ್ಟಿದರು.
ಆಗ ಬಂದರಿನ ವಾರ್ಡಿನ ಗ್ವೆಂಡಾ ಪಿಕರ್ಸ್‌ಗಿಲ್,
ಮೂವತ್ತು ವರ್ಷ ಕಾರ್ಖಾನೆಯಲ್ಲಿ
ಮೀನಿನ ಮುಳ್ಳು ಬಿಡಿಸಿದ ಕೈಯವಳು,
ಕನ್ನಡಕ ಹಣೆಗೇರಿಸಿ ಕೇಳಿದಳು:
"ಇಳಿದವರು ಎಲ್ಲಿ ಇಳಿದರು?"
ಅಂದರೆ?
"ನೂರ ಇಪ್ಪತ್ತೆರಡು ಜನ. ಬಸ್ಸಿಂದ ಇಳಿದರೂ
ಒಂದು ಸ್ಟಾಪು ಅಂತ ಇರುತ್ತದಲ್ಲ."

ಹಾಳೆ ತಿರುವಿದ ಸದ್ದು. ಮೈಕು ಆರಿತು, ಹೊತ್ತಿತು.
ಕೆಲವರಿಗೆ ಸೇವೆ ಸಿಕ್ಕಿದೆ. ಕೆಲವರು ಬೇಡವೆಂದರು.
ಕೆಲವರ ಕಡತ ಮುಕ್ತಾಯವಾಗಿದೆ.
"ಮುಕ್ತಾಯ" ಅಂದಳು ಗ್ವೆಂಡಾ, ಪ್ರಶ್ನೆಯ ರಾಗವಿಲ್ಲದೆ.
ನಾನು ಬರೆದೆ: ಲಿಖಿತ ಉತ್ತರ ಒದಗಿಸಲಾಗುವುದು.

ಸಾರ್ವಜನಿಕರಿಗೆ ಮೂರು ನಿಮಿಷ.
ವಿಲ್ಫ್ ಆರ್ಮರಾಯ್ಡ್ ಎದ್ದ, ಕಂಕುಳಲ್ಲಿ
ಗೋಡೆಯ ಮೊಳೆಯಿಂದ ಕಿತ್ತು ತಂದ ಕ್ಯಾಲೆಂಡರು.
ಅಕ್ಕ ಹೆಟ್ಟಿಯ ಮನೆಗೆ ಮಾರ್ಚ್ ತಿಂಗಳಲ್ಲಿ
ಬಂದ ಮುಖಗಳು ಮೂವತ್ತೊಂದು.
ಒಂದೊಂದು ಮುಖಕ್ಕೂ ಅವಳು ಮೊದಲಿಂದ ಹೇಳಬೇಕು
ಯಾವ ಮೊಣಕಾಲು ನೋಯುವುದೆಂದು.
ಈಗ ನಾಲ್ಕೇ ಮುಖ. ಅದನ್ನು ಒಪ್ಪಿಕೊಂಡ,
ಸಾಲದ ಹಣ ಎಣಿಸಿ ಹಿಂದಿರುಗಿಸುವವನ ಹಾಗೆ.
"ಆದರೆ ಏಳೂವರೆಗೇ ಮಲಗಿಸಿ ಹೋಗುತ್ತಾರೆ.
ಇದು ಜೂನ್, ಅಧ್ಯಕ್ಷರೇ. ಹತ್ತರ ತನಕ ಬೆಳಕು.
ಬೀದಿಯಲ್ಲಿ ಮಕ್ಕಳು ಚೆಂಡು ಒದೆಯುತ್ತಿರುತ್ತವೆ,
ಅವಳು ಪರದೆಯ ಸಂದಿನ ಬಿಸಿಲನ್ನು ನೋಡುತ್ತ
ಎಂಬತ್ತೊಂದು ವರ್ಷದವಳು, ಏನು ತಪ್ಪು ಮಾಡಿದಳೆಂದು"
ಗಂಟೆ ಬಾರಿಸಿತು.
ಬಾರಿಸಿದ್ದು ನಾನೇ.

ಕೊನೆಯ ಸಾಲಿನಲ್ಲಿ ರುಟೆಂಡೊ,
ನೀಲಿ ಸಮವಸ್ತ್ರದ ಮೇಲೆ ಕೋಟು ಮುಚ್ಚಿಕೊಂಡು,
ಆ ನಾಲ್ಕು ಮುಖಗಳಲ್ಲಿ ಒಂದು.
ಮಾತಾಡಲು ಹೆಸರು ಕೊಟ್ಟಿರಲಿಲ್ಲ;
ಅವಳ ವೀಸಾ ಕಂಪನಿಯ ಜುಟ್ಟಿಗೆ ಗಂಟು ಬಿದ್ದಿದೆ.
ಹಾಜರಿಯಲ್ಲಿ ನಾನು ಬರೆದದ್ದು "ಸಾರ್ವಜನಿಕರು, ಆರು".
ಬಸ್ಸಿನ ಹೊತ್ತಾಗಿ ಎದ್ದು ಹೋಗುವಾಗ
ವಿಲ್ಫನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟಳು.
ವಿಷಯಸೂಚಿಯಲ್ಲಿ ಅದಿರಲಿಲ್ಲ.

ನಿರ್ಣಯ: ವರದಿಯನ್ನು ಗಮನಿಸಲಾಯಿತು.

ಅಕ್ಟೋಬರ್. ಅದೇ ಜಗ್ಗು, ಅದೇ ಗಾಳಿ.
ಮಲಗುವ ಹೊತ್ತು ಒಂಬತ್ತಕ್ಕೆ ಬದಲಾಗಿದೆ, ಚೌಕ ಹಸಿರು;
ಹೊರಗೆ ಆರಕ್ಕೇ ಕತ್ತಲು.
ಲಿಖಿತ ಉತ್ತರ ಬಂದಿದೆ, ಅನುಬಂಧ ಮೂರರಲ್ಲಿ:
ಮೂವತ್ತೇಳು.
ಗ್ವೆಂಡಾ ಎರಡು ಸಲ ಓದಿದಳು. ಕನ್ನಡಕ ಕಳಚಿ ಮೇಜಿಗಿಟ್ಟಳು.
ಹೆಸರು ಕೊಡಿ ಅಂದಳು. ಹೆಸರು ಕೊಡುವಂತಿಲ್ಲ ಅಂದರು.
ಮುಂದಿನ ಸಭೆಯಲ್ಲೂ ಕೇಳುತ್ತೇನೆ ಅಂದಳು.
ಇಷ್ಟನ್ನೂ ಬರೆದೆ.

ಮೆಟ್ಟಿಲಲ್ಲಿ ವಿಲ್ಫ್ ಸಿಕ್ಕ, ಈ ಸಲ ಕ್ಯಾಲೆಂಡರಿಲ್ಲ.
ಸಂಜೆ ರುಟೆಂಡೊ ತೋಳು ಕೊಡುತ್ತಾಳಂತೆ,
ಹೆಟ್ಟಿ ಕುರ್ಚಿಯಿಂದ ಕಿಟಕಿಯವರೆಗೆ
ಹನ್ನೊಂದು ಹೆಜ್ಜೆ,
ಕತ್ತಲಲ್ಲಿ ಕಾಣಲು ಏನೂ ಇಲ್ಲದಿದ್ದರೂ.

ಮನೆಗೆ ಬಂದು ಕರಡಿನ ಅಂಚಿಗೆ
ಪೆನ್ಸಿಲಿನಲ್ಲಿ ಬರೆದೆ: ನಡೆದಳು.
ಬೆಳಗ್ಗೆ ತಿದ್ದುವವರು ಅಳಿಸಬಹುದು.
ನಡೆದದ್ದು ಬರಿ ಎಂದವರು ಅವರೇ.